ರೌಟರ್ ಲಿಫ್ಟ್ ಆಯ್ಕೆ: ಮೊದಲು ಮೋಟರ್, ಆಮೇಲೆ ಒಂದು ಸುತ್ತಿನ ಲೆಕ್ಕ

ಮೋಟರ್

ರೌಟರ್ ಎಂದರೆ ತಿರುಗುವ ಬಿಟ್ಟಿನಿಂದ (ಕತ್ತರಿಸುವ ಅಲಗಿನಿಂದ) ಮರ ಕೊರೆಯುವ ಯಂತ್ರ. ಅದರ ಮೋಟರನ್ನು ಮೇಜಿನ ಕೆಳಗೆ ಹಿಡಿದು, ಸ್ಕ್ರೂ ತಿರುಗಿಸಿ ಏರಿಸಿ ಇಳಿಸುವ ಸಾಧನ ಲಿಫ್ಟ್. ಅದು ಹಿಡಿಯುವುದು ಮೋಟರಿನ ದುಂಡನೆಯ ಮೈಯನ್ನು. ಹಾಗಾಗಿ ಮೋಟರ್ ತನ್ನ ಬೇಸಿನಿಂದ ಬಿಚ್ಚಿ ಹೊರಬರಲೇಬೇಕು. ಪ್ಲಂಜ್ ರೌಟರಿನಲ್ಲಿ (ಒತ್ತಿದರೆ ಬಿಟ್ ಇಳಿಯುವ ಬಗೆ) ಮೋಟರ್ ಎರಡು ಕಂಬಗಳ ಮೇಲೆ ಕೂತಿರುತ್ತದೆ, ಸಾಮಾನ್ಯವಾಗಿ ಬೇರೆ ಬರುವುದಿಲ್ಲ. ಅದಕ್ಕೆ ಕ್ಲಾಂಪ್ ಲಿಫ್ಟ್ ಕೊಂಡರೆ ದುಡ್ಡು ದಂಡ.

ಬಿಚ್ಚಿ ಬರುವುದಾದರೆ ವ್ಯಾಸ ಅಳೆಯಿರಿ. ಮಕಿಟಾ ಆರ್‌ಟಿ 0700 ಟ್ರಿಮ್ಮರ್ (ಚಿಕ್ಕ ರೌಟರ್) 65 ಮಿ.ಮೀ., ಪೋರ್ಟರ್-ಕೇಬಲ್ 690 ಮೂರೂವರೆ ಇಂಚು, ಅಂದರೆ 88.9. ದೊಡ್ಡ ಲಿಫ್ಟಿಗೆ ಚಿಕ್ಕ ಮೋಟರ್ ಹಾಕಲು ಸುಮಾರು 12 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಬುಷ್ (ನಡುವೆ ಕೂರುವ ಬಳೆ) ಬೇಕು. ಮೈಸೂರಿನವರು ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಡೆ ಲೇತ್‌ನಲ್ಲಿ ಮಾಡಿಸಬಹುದು. ಬುಷ್ಷಿಗೆ ಉದ್ದಕ್ಕೂ ಒಂದು ಸೀಳು ಹಾಕಿಸಿ. ಸೀಳಿಲ್ಲದಿದ್ದರೆ ಕ್ಲಾಂಪ್ ಎಷ್ಟು ಬಿಗಿದರೂ ಬುಷ್ ಕುಗ್ಗುವುದಿಲ್ಲ, ಒಳಗಿನ ಮೋಟರಿಗೆ ಹಿಡಿತ ಸಿಗುವುದಿಲ್ಲ.

ಪಿಚ್ ಬೇರೆ, ಲೀಡ್ ಬೇರೆ

ಎಡವುವುದು ಇಲ್ಲೇ, ಅದರಲ್ಲೂ ಲಿಫ್ಟನ್ನು ತಾವೇ ತಯಾರಿಸಿಕೊಳ್ಳುವವರು. ಅಕ್ಕಪಕ್ಕದ ಎರಡು ಥ್ರೆಡ್‌ಗಳ ಅಂತರ ಪಿಚ್. ಒಂದು ಪೂರ್ತಿ ಸುತ್ತಿಗೆ ನಟ್ ಸಾಗುವ ದೂರ ಲೀಡ್. ಸ್ಕ್ರೂವಿನ ಮೇಲೆ ಒಂದೇ ಥ್ರೆಡ್ ಸುತ್ತಿದ್ದರೆ ಎರಡೂ ಒಂದೇ. ನಾಲ್ಕು ಥ್ರೆಡ್ ಒಟ್ಟಿಗೆ ಸುತ್ತಿದ್ದರೆ ಲೀಡ್ ನಾಲ್ಕು ಪಟ್ಟು. ತ್ರೀಡಿ ಪ್ರಿಂಟರಿಗೆಂದು ಮಾರುವ 8 ಮಿ.ಮೀ. ಸ್ಕ್ರೂಗಳಲ್ಲಿ ಹೆಚ್ಚಿನವು 2 ಪಿಚ್, 4 ಸ್ಟಾರ್ಟ್. ಅಂದರೆ ಸುತ್ತಿಗೆ 8 ಮಿ.ಮೀ. ಸ್ಕ್ರೂವಿನ ತುದಿ ನೋಡಿ: ಎಷ್ಟು ಥ್ರೆಡ್ ಶುರುವಾಗುತ್ತವೋ ಅಷ್ಟು ಸ್ಟಾರ್ಟ್.

ಅದರಿಂದ ಏನು ಕೆಡುತ್ತದೆ? ಥ್ರೆಡ್ಡಿನ ನಡುಮಧ್ಯದ ವ್ಯಾಸ 7 ಮಿ.ಮೀ., ಸುತ್ತಳತೆ ಸುಮಾರು 22. ಅಷ್ಟು ದೂರಕ್ಕೆ 2 ಮಿ.ಮೀ. ಏರುವ ಥ್ರೆಡ್ ಹೆಚ್ಚುಕಡಿಮೆ 5 ಡಿಗ್ರಿ ಇಳಿಜಾರು. ಘರ್ಷಣೆಯೇ ಮೋಟರನ್ನು ತಡೆದು ನಿಲ್ಲಿಸುತ್ತದೆ. 8 ಮಿ.ಮೀ. ಏರಿದರೆ 20 ಡಿಗ್ರಿ. ಮೋಟರಿನ ಭಾರಕ್ಕೆ, ಅದುರಿಗೆ ಸ್ಕ್ರೂ ತಾನೇ ತಿರುಗಿ ಬಿಟ್ ಇಳಿಯುತ್ತದೆ, ಗಾಡಿ (ಮರದಲ್ಲಿ ಕೊರೆದ ತೋಡು) ಕೊನೆಗೆ ಹೋಗುತ್ತಾ ಆಳ ಕಳೆದುಕೊಳ್ಳುತ್ತದೆ. ಹಾಗಾಗಿ ಸಿಂಗಲ್ ಸ್ಟಾರ್ಟನ್ನೇ ಕೇಳಿ ತನ್ನಿ.

ಸ್ಕ್ರೂ ಎಷ್ಟು ತಿರುಗಿತೆಂದು ತೋರಿಸುವ ಡಯಲಿಗೂ ಇದೇ ಲೆಕ್ಕ. ಲೀಡ್ 2 ಇದ್ದರೆ 20 ಗೆರೆ ಹಾಕಿ, ಗೆರೆಗೆ 0.1 ಮಿ.ಮೀ. ಇಂಚಿಗೆ 16 ಥ್ರೆಡ್ ಇರುವ ಲಿಫ್ಟ್ ಸುತ್ತಿಗೆ 1.5875 ಏರುತ್ತದೆ, ಅದಕ್ಕೆ 16 ಗೆರೆ ಹಾಕಿದರೆ ಗೆರೆಗೆ 0.099. ನನಗೆ ಬಲು ಇಷ್ಟದ ದಾರಿ ಇದು, ಇಂಚಿನ ಲಿಫ್ಟಿನಲ್ಲೂ ಮಿಲಿಮೀಟರಿನಲ್ಲೇ ಯೋಚಿಸಬಹುದು. ಬೀಟೆ ಪೆಟ್ಟಿಗೆಯ ಅಂಚಿಗೆ 2 ಮಿ.ಮೀ. ಪಟ್ಟಿ ಕೂರಿಸಲು ಗಾಡಿ 1.9 ಆಳ ಬೇಕು, ಉಳಿದ 0.1 ಮರಳು ಕಾಗದಕ್ಕೆ. ಬಿಟ್ ಮೇಜಿನ ಮಟ್ಟಕ್ಕಿದ್ದಾಗಿಂದ 19 ಗೆರೆ ಏರಿಸಿದರೆ 1.88. ಸಾಕು.

ಕೊನೆಯ ತಿರುವು ಯಾವಾಗಲೂ ಮೇಲ್ಮುಖ. ಇಳಿಸುವುದಿದ್ದರೆ ಅರ್ಧ ಸುತ್ತು ಹೆಚ್ಚಿಗೆ ಇಳಿಸಿ ಏರಿಸಿ, ನಟ್ಟಿನ ಸಡಿಲು ಲೆಕ್ಕದಲ್ಲಿ ಸೇರುವುದಿಲ್ಲ. ಲಾಕ್ ಬಿಗಿದ ಮೇಲೆ ಎತ್ತರ ಮತ್ತೆ ಅಳೆಯಿರಿ.

ಉಳಿದದ್ದು

ಮೇಜಿನಲ್ಲಿ ಕೂರುವ ಲಿಫ್ಟ್ ಪ್ಲೇಟಿನ ಅಳತೆಯನ್ನು ಲಿಫ್ಟ್ ಕೈಗೆ ಬಂದ ಮೇಲೆ ತೆಗೆದುಕೊಂಡು ಮೇಜು ಕೊರೆಯಿರಿ. ಪೂರ್ತಿ ಏರಿಸಿದಾಗ ಕಾಲೆಟ್ (ಬಿಟ್ಟನ್ನು ಬಿಗಿಹಿಡಿಯುವ ಭಾಗ) ನಟ್ ಪ್ಲೇಟಿನಿಂದ ಮೇಲೆ ಬರಬೇಕು, ಆಗಷ್ಟೇ ಸ್ಪ್ಯಾನರ್ ಸಲೀಸು. ಮತ್ತೊಂದು, ಶ್ಯಾಂಕ್ (ಕಾಲೆಟ್ಟಿನೊಳಗೆ ಹೋಗುವ ಬಿಟ್ಟಿನ ಕಂಬಿ): ಅರ್ಧ ಇಂಚಿನ, ಅಂದರೆ 12.7ರ ಕಾಲೆಟ್ಟಿಗೆ 12 ಮಿ.ಮೀ. ಬಿಟ್ ಹಾಕಬೇಡಿ. ಬಿಗಿದಂತೆ ಅನ್ನಿಸಿದರೂ ಓಡುವಾಗ ಜಾರಿ ಹೊರಬರುತ್ತದೆ.