ಬೇಸಿಕ್ ಎಂದರೆ ಸಾದಾ ಅಲ್ಲ

‘ಬೇಸಿಕ್ ಅಷ್ಟೇ ಅಲ್ವಾ, ಅದಕ್ಯಾಕೆ ಇಷ್ಟೊಂದು ನೋಡ್ತೀಯ?’ ಬಿಳಿ ಟೀ ಶರ್ಟೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಗೆಳತಿ ಕೇಳಿದಳು. ಈ ಪ್ರಶ್ನೆಯನ್ನು ಎಷ್ಟು ಜನರಿಂದ ಕೇಳಿದ್ದೇನೋ ಲೆಕ್ಕವಿಲ್ಲ. ಬಟ್ಟೆಯ ಮಾತು ಬಂದಾಗ ‘ಬೇಸಿಕ್’ ಎಂಬ ಪದಕ್ಕೆ ನಾವು ಕೊಡುತ್ತಿರುವ ಅರ್ಥ ಮೂರು: ಸಾದಾ, ಅಗ್ಗ, ಹೇಗಿದ್ದರೂ ನಡೆಯುತ್ತದೆ. ಮೂರೂ ತಪ್ಪು.

ಈ ತಪ್ಪು ಬಹುಶಃ ಫೋನು, ಕಾರುಗಳ ಕಡೆಯಿಂದ ಬಂದಿದೆ. ಅಲ್ಲಿ ‘ಬೇಸಿಕ್ ಮಾಡೆಲ್’ ಎಂದರೆ ಇರುವುದರಲ್ಲೇ ಕಡಿಮೆ ಸೌಲಭ್ಯದ್ದು, ಕೈಯಲ್ಲಿ ದುಡ್ಡಿಲ್ಲದಾಗ ಕೊಳ್ಳುವಂಥದ್ದು. ಆದರೆ ಸಂಬಳದ ಚೀಟಿ ಕೈಗೆ ಬಂದಾಗ ಇದೇ ಜನ ಬೇಸಿಕ್ ಎಂಬ ಸಾಲನ್ನು ಸರಿಯಾಗಿಯೇ ಓದಿಕೊಳ್ಳುತ್ತಾರೆ. ಉಳಿದ ಭತ್ಯೆಗಳು ಅದರ ಮೇಲೆ ನಿಂತಿರುತ್ತವೆ, ಅದು ಸಣ್ಣದಾದರೆ ಎಲ್ಲವೂ ಸಣ್ಣದಾಗುತ್ತದೆ ಎಂದು ಯಾರಿಗೂ ಹೇಳಿಕೊಡಬೇಕಿಲ್ಲ. ಉಡುಪಿನಲ್ಲೂ ಪದದ ಅರ್ಥ ಅದೇ.

ಪದದ ಬೇರು ನೋಡಿದರೆ ಇನ್ನಷ್ಟು ಸ್ಪಷ್ಟವಾಗುತ್ತದೆ. ಬೇಸಿಕ್ ಹುಟ್ಟಿದ್ದು ಬೇಸ್‌ನಿಂದ, ಬೇಸ್‌ನ ಹಿಂದಿರುವುದು ಗ್ರೀಕಿನ ‘ಬಾಸಿಸ್’. ಮೊದಲು ನಡೆ, ಹೆಜ್ಜೆ, ಆಮೇಲೆ ಹೆಜ್ಜೆಯೂರುವ ಜಾಗ, ಕೊನೆಗೆ ಕಂಬದ ಕೆಳಗಿನ ಪೀಠ, ಹೀಗೆ ಅರ್ಥ ಬೆಳೆಯಿತು. ಅದರ ಕ್ರಿಯಾಪದ ‘ಬೈನೊ’, ಹೋಗು ಎಂದರ್ಥ. ಸಂಸ್ಕೃತದ ‘ಗಮ್’ ಧಾತುವೂ ಇದೂ ಒಂದೇ ಮೂಲದವು. ಇಂಡೋ-ಯುರೋಪಿಯನ್ ಮೂಲಭಾಷೆಯ ಒಂದು ವ್ಯಂಜನ ಗ್ರೀಕಿನಲ್ಲಿ ‘ಬ’ ಆಯಿತು, ಸಂಸ್ಕೃತದಲ್ಲಿ ‘ಗ’ ಆಯಿತು. ಹಸುವಿಗೆ ಅಲ್ಲಿ ‘ಬೌಸ್’, ಇಲ್ಲಿ ‘ಗೌಃ’ ಎನ್ನುವುದೂ ಇದರಿಂದಲೇ. ಈ ಲೆಕ್ಕದಲ್ಲಿ ಬಾಸಿಸ್‌ಗೆ ಅಕ್ಷರ ಅಕ್ಷರಕ್ಕೂ ಜೋಡಿಯಾಗಿ ಸಂಸ್ಕೃತದಲ್ಲಿ ಸಿಗುವ ಪದ ‘ಗತಿ’. ನಾವು ದಿನಕ್ಕೆ ಹತ್ತು ಸಲ ಆಡುವ ಅದೇ ಗತಿ!

ಈ ನಂಟು ತಿಳಿದ ಮೇಲೆ ನನಗೆ ಗೊಂದಲದ ಬುಡವೇ ಸಿಕ್ಕಂತಾಯಿತು. ಬೇಸಿಕ್ ಎಂದರೆ ಬೇರೆ ಗತಿಯಿಲ್ಲದಾಗ ತೊಡುವ ಬಟ್ಟೆ ಎಂದು ನಾವು ಅಂದುಕೊಂಡಿದ್ದೇವೆ. ಇರುವುದು ತಿರುಗುಮುರುಗು: ಉಳಿದ ಬಟ್ಟೆಗಳಿಗೆ ಗತಿಯಾಗುವ ಬಟ್ಟೆ ಅದು. ಆಸೆಪಟ್ಟು ಕೊಂಡ ಕಸೂತಿಯ ಜಾಕೆಟ್ ವರ್ಷಗಟ್ಟಲೆ ಕಪಾಟಿನಲ್ಲೇ ಉಳಿದಿದ್ದರೆ ಸಾಮಾನ್ಯವಾಗಿ ತಪ್ಪು ಜಾಕೆಟ್ಟಿನದಲ್ಲ. ಅದರ ಒಳಗೆ ತೊಡಲು ಒಂದು ಒಳ್ಳೆಯ ಅಂಗಿ, ಕೆಳಗೆ ಸರಿಯಾಗಿ ಕೂರುವ ಒಂದು ಪ್ಯಾಂಟು ಇರುವುದಿಲ್ಲ, ಅಷ್ಟೇ. ಕನ್ನಡದ ‘ಅಡಿಪಾಯ’ವನ್ನೂ ಇಲ್ಲಿ ನೆನೆಯಬಹುದು. ಅಡಿ ನಮ್ಮದೇ ಪದ, ಪಾಯ ಪಾರಸಿಯಿಂದ ಬಂದದ್ದು, ಎರಡಕ್ಕೂ ಕಾಲು ಎಂಬ ಅರ್ಥವಿದೆ. ಭಾರ ಹೊರುವುದಕ್ಕೆ ಬೇರೆ ಬೇರೆ ಭಾಷೆಗಳು ಕಾಲನ್ನೇ ಹಿಡಿದಿವೆ.

ಸಾದಾ ಎಂಬ ಅರ್ಥ ಏಕೆ ಸಲ್ಲದು ಎನ್ನುವುದಕ್ಕೆ ನೀಲಿ-ಬಿಳಿ ಪಟ್ಟೆಯ ಬನಿಯನ್ ಒಳ್ಳೆಯ ಉದಾಹರಣೆ. 1858ರಲ್ಲಿ ಫ್ರಾನ್ಸಿನ ನೌಕಾಪಡೆ ತನ್ನ ನಾವಿಕರ ಹೆಣಿಗೆ ಅಂಗಿಯ ಮೈಭಾಗದಲ್ಲಿ 21 ಬಿಳಿ ಪಟ್ಟೆಗಳಿರಬೇಕೆಂದು ನಿಯಮ ಮಾಡಿತು. ಇಪ್ಪತ್ತೊಂದು ಪಟ್ಟೆಯ ಅಂಗಿಯನ್ನು ಸಾದಾ ಎನ್ನಲು ಬಾಯಿ ಬರುತ್ತದೆಯೇ? ಆದರೂ ಜೀನ್ಸ್, ಲಂಗ, ಕೋಟು ಯಾವುದರ ಜತೆಗೂ ಅದು ಜಗಳವಾಡುವುದಿಲ್ಲ, ಹಾಗಾಗಿ ಬೇಸಿಕ್. ಇನ್ನೊಂದು ಕಡೆ, ಒಂದು ಗೆರೆಯೂ ಇಲ್ಲದ ಗಿಳಿಹಸಿರಿನ ಸ್ಯಾಟಿನ್ ಅಂಗಿ ಪೂರ್ತಿ ಸಾದಾ. ಅದರ ಪಕ್ಕದಲ್ಲಿ ಏನನ್ನಾದರೂ ನಿಲ್ಲಿಸುವುದು ಕಷ್ಟ. ಒಂದು ಬಟ್ಟೆ ಬೇಸಿಕ್ಕೋ ಅಲ್ಲವೋ ಎನ್ನುವುದು ಅದೊಂದನ್ನೇ ನೋಡಿದರೆ ತಿಳಿಯುವುದಿಲ್ಲ, ಅದು ಎಷ್ಟು ಬಟ್ಟೆಗಳ ಜತೆ ಹೊಂದುತ್ತದೆ ಎಂದು ನೋಡಬೇಕು.

ಇನ್ನು ಅಗ್ಗದ ಮಾತು. ಇದರ ಬಗ್ಗೆ ನನಗೆ ಬೇಸರ ಹೆಚ್ಚು. ಬೇಸಿಕ್ ಎನಿಸಿಕೊಂಡ ಎಷ್ಟೋ ಉಡುಪುಗಳು ಶುರುವಾದದ್ದೇ ದುಡಿಯುವವರ ಮೈಮೇಲೆ. ಜೀನ್ಸನ್ನೇ ನೋಡಿ: ಜಾಕೋಬ್ ಡೇವಿಸ್ ಎಂಬ ದರ್ಜಿ ಮತ್ತು ಲೆವಿ ಸ್ಟ್ರಾಸ್ ಎಂಬ ವ್ಯಾಪಾರಿ ಸೇರಿ 1873ರಲ್ಲಿ ಅಮೆರಿಕದಲ್ಲಿ ಪಡೆದ ಪೇಟೆಂಟ್, ಪ್ಯಾಂಟಿನ ಜೇಬಿನ ಮೂಲೆ ಹರಿಯದಂತೆ ಲೋಹದ ರಿವೆಟ್ ಹೊಡೆಯುವುದಕ್ಕೆ. ಟೀ ಶರ್ಟ್ ಅಮೆರಿಕದ ನೌಕಾಪಡೆಯ ಒಳಅಂಗಿಯಾಗಿತ್ತು. ಬಾಳಿಕೆ ಈ ಬಟ್ಟೆಗಳಿಗೆ ಆಮೇಲೆ ಸೇರಿಸಿದ ಗುಣವಲ್ಲ, ಅದಕ್ಕಾಗಿಯೇ ಅವು ಹುಟ್ಟಿದ್ದು.

ಈಗಲೂ ಅತಿ ಹೆಚ್ಚು ಒಗೆತ ತಿನ್ನುವ ಬಟ್ಟೆ ಇವೇ. ವಾರಕ್ಕೆರಡು ಸಲ ತೊಡುವ ಅಂಗಿ ವರ್ಷದಲ್ಲಿ ನೂರು ಸಲ ನೀರು ಕಾಣುತ್ತದೆ. ವರ್ಷಕ್ಕೆರಡು ಸಲ ತೊಡುವ ಉಡುಪಿಗೆ ಕೈಬಿಚ್ಚಿ ಖರ್ಚು ಮಾಡಿ ಇದಕ್ಕೆ ‘ಏನೋ ಒಂದು’ ಎನ್ನುವುದು ಯಾವ ಲೆಕ್ಕ? ಮೇಲಾಗಿ, ಚಿತ್ತಾರವಿರುವ ಬಟ್ಟೆ ತನ್ನ ದೋಷವನ್ನು ಚಿತ್ತಾರದ ಹಿಂದೆ ಮರೆಸಬಲ್ಲದು. ಬಿಳಿ ಅಂಗಿಗೆ ಆ ಅನುಕೂಲವಿಲ್ಲ. ಭುಜದ ಹೊಲಿಗೆ ಒಂದು ಬೆರಳು ಜಾರಿದ್ದರೂ ಕಾಣುತ್ತದೆ.

ನಾನು ಟೀ ಶರ್ಟನ್ನು ಬೆಳಕಿಗೆ ಹಿಡಿಯುವುದು ಹೆಣಿಗೆ ಎಲ್ಲೆಲ್ಲಿ ತೆಳುವಾಗಿದೆ ಎಂದು ನೋಡಲು. ಲೇಬಲ್ಲಿನಲ್ಲಿ ಜಿಎಸ್‌ಎಂ ಬರೆದಿದ್ದರೆ, ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ ಎಷ್ಟು ಗ್ರಾಂ ಎಂಬುದು, 180ರ ಆಸುಪಾಸಿನದು ಮೈ ತೋರಿಸುವುದು ಕಡಿಮೆ. ಆದರೆ ತೂಕವೊಂದೇ ಗುಣಮಟ್ಟವಲ್ಲ. ಹತ್ತಿಯ ಎಳೆ ಗಿಡ್ಡವಾಗಿದ್ದರೆ ಅದರ ತುದಿಗಳು ನೂಲಿನಿಂದ ಹೊರಬಂದು, ಉಜ್ಜಿದಲ್ಲೆಲ್ಲ ಸಣ್ಣ ಉಂಡೆಗಳಾಗಿ ಕೂರುತ್ತವೆ. ಸಾಮಾನ್ಯ ಹತ್ತಿಯ ಎಳೆ 25ರಿಂದ 30 ಮಿಲಿಮೀಟರ್, ಅತ್ಯುತ್ತಮ ತಳಿಗಳದು 35ನ್ನೂ ದಾಟುತ್ತದೆ. ಕೊರಳಪಟ್ಟಿಯನ್ನು ಎಳೆದು ಬಿಟ್ಟರೆ ತಕ್ಷಣ ಮೊದಲಿನಂತೆ ಕೂರಬೇಕು. ನಾಲ್ಕು ಒಗೆತಕ್ಕೆ ಪಕ್ಕದ ಹೊಲಿಗೆ ತಿರುಚಿಕೊಂಡು ಹೊಟ್ಟೆಯ ಮೇಲೆ ಬಂದರೆ, ನೂಲಿನ ಹುರಿ ಹದವಾಗಿರಲಿಲ್ಲ ಇಲ್ಲವೇ ಬಟ್ಟೆಯನ್ನು ನೇರ ಮಾಡದೆ ಕತ್ತರಿಸಿದ್ದರು ಎಂದರ್ಥ. ಇಸ್ತ್ರಿಯಿಂದ ಅದು ಸರಿಹೋಗುವುದಿಲ್ಲ.

‘ಎಲ್ಲರ ಬಳಿಯೂ ಇರಲೇಬೇಕಾದ ಹತ್ತು ಬೇಸಿಕ್‌ಗಳು’ ಎಂಬ ಪಟ್ಟಿಗಳೂ ಪದವನ್ನು ಕೆಡಿಸಿವೆ. ಚಳಿಯೇ ಕಾಣದವರು ಆ ಪಟ್ಟಿ ನಂಬಿ ಟ್ರೆಂಚ್ ಕೋಟು ಕೊಂಡರೆ ಅದು ಅವರ ಕಪಾಟಿನ ಅತಿಥಿ, ಆಧಾರವಲ್ಲ. 1985ರಲ್ಲಿ ನ್ಯೂಯಾರ್ಕಿನ ವಿನ್ಯಾಸಕಿ ಡೊನಾ ಕ್ಯಾರನ್ ‘ಏಳು ಸುಲಭ ಉಡುಪುಗಳು’ ಎಂಬ ಸಂಗ್ರಹ ತಂದರು. ಮೈಗಂಟುವ ಬಾಡಿಸೂಟ್ ಅದರ ತಳ, ಉಳಿದವು ಅದರ ಮೇಲೆ ಏರುತ್ತಿದ್ದವು. ಕೆಲಸಕ್ಕೆ ಹೋಗುವ ಹೆಣ್ಣುಮಗಳ ದಿನಚರಿಯನ್ನು ಕಂಡು ಮಾಡಿದ ಆಯ್ಕೆ ಅದು. ಅವರಿಂದ ನಾವು ಪಡೆಯಬೇಕಾದದ್ದು ಆ ಏಳು ಉಡುಪುಗಳನ್ನಲ್ಲ, ದಿನಚರಿಯಿಂದ ಶುರುಮಾಡುವ ಕ್ರಮವನ್ನು. ಒಬ್ಬರಿಗೆ ಕಪ್ಪು ಪ್ಯಾಂಟು ತಳವಾದರೆ ಇನ್ನೊಬ್ಬರಿಗೆ ಕಂದು ಕಾರ್ಡಿಗನ್ ತಳವಾಗುತ್ತದೆ. ವೈಯಕ್ತಿಕ ಶೈಲಿ ಬೇಸಿಕ್ ಆದ ಮೇಲೆ ಬರುವಂಥದ್ದು ಎಂದು ನಾನು ಒಪ್ಪುವುದಿಲ್ಲ, ಯಾವುದನ್ನು ತಳವಾಗಿ ಆರಿಸಿಕೊಂಡಿರಿ ಎನ್ನುವುದರಲ್ಲೇ ಅದು ಆರಂಭವಾಗಿರುತ್ತದೆ.

ಕನ್ನಡದಲ್ಲಿ ಇದಕ್ಕೆ ಏನೆನ್ನಬಹುದು? ‘ಮೂಲ ಉಡುಪು’ ಎಂದರೆ ಪೂರ್ವಜರು ತೊಟ್ಟಿದ್ದು ಎನಿಸುತ್ತದೆ. ‘ಅಡಿಪಾಯದ ಉಡುಪು’ ಅರ್ಥಕ್ಕೆ ಹತ್ತಿರವಿದ್ದರೂ ಒಳಉಡುಪನ್ನು ನೆನಪಿಸೀತು. ‘ಆಧಾರ ಉಡುಪು’ ನನಗೆ ಹಿಡಿಸಿದೆ. ಅದು ರೂಢಿಗೆ ಬರುವವರೆಗೆ ಬೇಸಿಕ್ ಎಂದೇ ಬರೆಯುತ್ತೇನೆ, ಸಾದಾ ಎಂದು ಹೇಳಬೇಕಾದಲ್ಲಿ ಸಾದಾ ಎಂದೇ ಬರೆಯುತ್ತೇನೆ.