ಹುಣಸೆಹಣ್ಣು ಹಾಕಿ ಮೆಡಲ್ ಉಜ್ಜಬೇಡಿ

ಆಯುಧಪೂಜೆ ಮುಗಿದ ವಾರ ಬಂತೆಂದರೆ ನನಗೆ ಹೊಟ್ಟೆಯುರಿ ಶುರುವಾಗುತ್ತದೆ. ತಾತನ ಮೆಡಲ್ ಹಿಡಿದುಕೊಂಡು ಜನ ನನ್ನ ಹತ್ತಿರ ಬರುವುದು ಆ ವಾರದಲ್ಲೇ. ಪೂಜೆಗೆ ಅಂತ ಟ್ರಂಕಿನಿಂದ ಹೊರಗೆ ತೆಗೆದಿರುತ್ತಾರೆ, ಕುಡುಗೋಲು, ಮಚ್ಚು, ಬೈಕಿನ ಜೊತೆಗೆ ಅದಕ್ಕೂ ಕುಂಕುಮ ಇಟ್ಟಿರುತ್ತಾರೆ, ಆಗ ಮನೆಯ ಹುಡುಗನಿಗೆ 'ಅಲ್ಲಾ, ಇದು ಯಾವ ಯುದ್ಧದ್ದು' ಅಂತ ಕುತೂಹಲ ಹುಟ್ಟಿರುತ್ತದೆ. ಒಳ್ಳೆಯದೇ. ಆದರೆ ಮೆಡಲ್ ಫಳಫಳ ಹೊಳೆಯುತ್ತಿರುತ್ತದೆ ನೋಡಿ, ಅದನ್ನು ಕಂಡ ಕೂಡಲೇ ನನಗೆ ಎಲ್ಲ ಗೊತ್ತಾಗಿಬಿಡುತ್ತದೆ. ಹುಣಸೆಹಣ್ಣು, ಒಲೆಯ ಬೂದಿ, ತೆಂಗಿನ ನಾರು. ವರ್ಷಕ್ಕೊಂದು ಸಲ. ನಲವತ್ತು ವರ್ಷ.

ನಾನು ಸೈನ್ಯದಲ್ಲಿ ಕ್ಲರ್ಕ್ ಆಗಿದ್ದವನು. ಬಂದೂಕಿಗಿಂತ ಫೈಲು ಹಿಡಿದದ್ದೇ ಜಾಸ್ತಿ ಅಂತ ನಮ್ಮ ಮನೆಯಲ್ಲೇ ತಮಾಷೆ ಮಾಡುತ್ತಾರೆ. ರಿಟೈರ್ ಆಗಿ ಕೋಲಾರಕ್ಕೆ ಬಂದ ಮೇಲೆ ಮಾಜಿ ಸೈನಿಕರ, ಅವರ ಹೆಂಡತಿಯರ ಕಾಗದಪತ್ರ ನೋಡಿಕೊಡುತ್ತಿದ್ದೇನೆ. ಪಿಂಚಣಿ, ಹೆಸರಿನ ತಿದ್ದುಪಡಿ, ಸ್ಪರ್ಶ್ ಅನ್ನುವ ಸೈನಿಕ ಪಿಂಚಣಿಯ ವೆಬ್‌ಸೈಟಿನಲ್ಲಿ ಪ್ರತಿವರ್ಷದ ಜೀವಂತ ಪ್ರಮಾಣಪತ್ರ, ಅದೆಲ್ಲ ಮಾಮೂಲು, ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಈಚೆಗೆ ಇನ್ನೊಂದು ಥರದವರು ಬರುತ್ತಿದ್ದಾರೆ. ಅವರಿಗೆ ದುಡ್ಡು ಬೇಡ. 'ಅಂಕಲ್, ನಮ್ಮ ತಾತ ಮಿಲಿಟರಿಯಲ್ಲಿದ್ದರು, ಅವರ ಬಗ್ಗೆ ಬರೆಯಬೇಕು, ಯಾರಿಗೂ ಅವರ ನೆನಪೇ ಇಲ್ಲ' ಅನ್ನುತ್ತಾರೆ. ಇಂಥ ಹುಡುಗ ಹುಡುಗಿಯರನ್ನು ಕಂಡರೆ ನನಗೆ ನಿಜಕ್ಕೂ ಪ್ರೀತಿ. ಕಾಫಿ ಕೊಟ್ಟು ಕೂರಿಸುತ್ತೇನೆ. ಆಮೇಲೆ ಒಂದೇ ಪ್ರಶ್ನೆ ಕೇಳುತ್ತೇನೆ: 'ನಂಬರ್ ಏನು?'

ಫೋನ್ ನಂಬರ್ ಹೇಳುತ್ತಾರೆ.

ತಾತನ ನಂಬರಪ್ಪಾ! ಸೇನೆಗೆ ಸೇರಿದ ದಿನ ಕೊಟ್ಟ ನಂಬರ್. ಅದಿಲ್ಲದೆ ನೀವು 'ವೀರಯೋಧ', 'ಹೆಮ್ಮೆಯ ಪುತ್ರ', 'ಪಾಕಿಸ್ತಾನದ ಎದೆ ನಡುಗಿಸಿದವರು' ಅಂತ ಎಷ್ಟು ಬರೆದರೂ ಅದು ಯಾರ ಬಗ್ಗೆ ಅಂತ ಓದಿದವರಿಗೆ ತಿಳಿಯುವುದಿಲ್ಲ. ಇದನ್ನು ನಾನು ದಿನಕ್ಕೊಂದು ಸಲ ಹೇಳಿ ಸಾಕಾಗಿ ಈಗ ಬರೆಯುತ್ತಿದ್ದೇನೆ.

ಹೆಸರು ಸಾಲದಾ ಅಂತ ಕೇಳುತ್ತೀರಿ. ಸಾಲದು. ನಮ್ಮ ಕಡೆ ಮುನಿಯಪ್ಪ ಅಂದರೆ ಬೀದಿಗೆ ನಾಲ್ಕು ಜನ ಇದ್ದಾರೆ. ಮುನಿಶಾಮಪ್ಪ, ಮುನಿವೆಂಕಟಪ್ಪ, ವೆಂಕಟರಮಣಪ್ಪ, ನಾರಾಯಣಸ್ವಾಮಿ, ಇವರ ಲೆಕ್ಕ ದೇವರೇ ಇಡಬೇಕು. ಅದರ ಮೇಲೆ ಭರ್ತಿಯ ದಿನ ಕೂತಿದ್ದ ಕ್ಲರ್ಕ್ ಪಂಜಾಬಿನವನೋ ಬಿಹಾರದವನೋ. ನಮ್ಮ ಹುಡುಗ ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ. ಅವನು ಹೇಳಿದ್ದು ಒಂದು, ಇವನಿಗೆ ಕೇಳಿದ್ದು ಇನ್ನೊಂದು, ಇಂಗ್ಲಿಷಿನಲ್ಲಿ ಬರೆದದ್ದು ಮತ್ತೊಂದು. ಮುನಿಯಪ್ಪ ಹೋಗಿ ಮಣಿಯಪ್ಪ ಆಗಿರುತ್ತಾನೆ. ಅಪ್ಪನ ಹೆಸರು ಅವನ ಹೆಸರಿನ ಮುಂದೆ ಬಂದು ಕೂತಿರುತ್ತದೆ. ಆಮೇಲೆ ಅವನು ಯೂನಿಟ್ಟಿಗೆ ಹೋದರೆ ಅಲ್ಲಿ ಎಲ್ಲರೂ ಸುಮ್ನೆ 'ಮದ್ರಾಸಿ' ಅಂತ ಕರೆಯುತ್ತಾರೆ, ಮದ್ರಾಸ್ ಸ್ಯಾಪರ್ಸ್‌ಗೆ, ಅಂದರೆ ಸೇನೆಯ ಎಂಜಿನಿಯರ್ ದಳಕ್ಕೆ ಹೋದರೆ 'ತಂಬಿ' ಆಗುತ್ತಾನೆ. ಕೊನೆಯವರೆಗೂ ಬದಲಾಗದೆ ಅವನ ಜೊತೆ ಉಳಿಯುವುದು ಆ ನಂಬರ್ ಒಂದೇ.

ನಂಬರ್ ಬರೀ ಗುರುತಲ್ಲ, ಅದು ಮಾತಾಡುತ್ತದೆ. ಸ್ವಾತಂತ್ರ್ಯ ಬಂದ ಮೇಲಿನ ಸಿಪಾಯಿಗಳ ನಂಬರ್ ಸಾಮಾನ್ಯವಾಗಿ ಲಕ್ಷಗಳಲ್ಲಿರುತ್ತದೆ. ಒಂದೊಂದು ದಳಕ್ಕೂ ಒಂದೊಂದು ಸರಣಿ. 25 ಲಕ್ಷದಿಂದ ಶುರುವಾದರೆ ಮದ್ರಾಸ್ ರೆಜಿಮೆಂಟ್, 27 ಲಕ್ಷ ಆದರೆ ಮರಾಠಾ ಲೈಟ್ ಇನ್‌ಫೆಂಟ್ರಿ. ಸರಣಿ ನೋಡಿದ ಕೂಡಲೇ ಯಾವ ಊರಿಗೆ ಪತ್ರ ಬರೆಯಬೇಕು ಅಂತ ತಿಳಿಯುತ್ತದೆ. ಮದ್ರಾಸ್ ರೆಜಿಮೆಂಟಿನ ದಾಖಲೆ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ. ಆರ್ಟಿಲರಿ ಆದರೆ ನಾಸಿಕ್, ಸಿಗ್ನಲ್ಸ್ ಆದರೆ ಜಬಲ್ಪುರ, ಯಂತ್ರ, ವಾಹನ ರಿಪೇರಿ ಮಾಡುವ ಇಎಂಇ ಆದರೆ ಸಿಕಂದರಾಬಾದ್. ಮದ್ರಾಸ್ ಸ್ಯಾಪರ್ಸ್, ಸೇನೆಗೆ ಸಾಮಾನು ಸಾಗಿಸುವ ಎಎಸ್‌ಸಿ ಎರಡೂ ಬೆಂಗಳೂರಿನಲ್ಲೇ ಇವೆ. ಎರಡು ಗಂಟೆಯ ಬಸ್ ದಾರಿ. ಇದು ಗೊತ್ತಿಲ್ಲದೆ ಡೆಲ್ಲಿಗೆ ಮೂರು ವರ್ಷ ಪತ್ರ ಬರೆದವರನ್ನು ನೋಡಿದ್ದೇನೆ. ಈಚಿನ ನಂಬರುಗಳ ಕೊನೆಯಲ್ಲಿ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ, ಅದನ್ನು ಬಿಡಬೇಡಿ. ಅಂಕಿ ತಪ್ಪು ಬರೆದರೆ ಹಿಡಿಯಲಿ ಅಂತ ಇಟ್ಟಿರುವ ಕಾವಲುಗಾರ ಅದು.

ಇನ್ನೂ ಹಳೆಯ ಕಾಲದವರಾದರೆ, ಅಂದರೆ 1914ರ ಯುದ್ಧಕ್ಕೆ ಹೋದ ಮುತ್ತಾತ, ಆಗ ಒಂದೊಂದು ರೆಜಿಮೆಂಟಿಗೂ ತನ್ನದೇ ಎಣಿಕೆ ಇತ್ತು. ಒಂದೇ ನಂಬರ್ ಹತ್ತು ಕಡೆ ಇರಬಹುದು. ಅಲ್ಲಿ ನಂಬರ್, ಯೂನಿಟ್ ಎರಡೂ ಬೇಕು. ಆ ಕಾಲದ ಮೆಡಲಿನ ಅಂಚಿನಲ್ಲಿ ಎರಡೂ ಕೆತ್ತಿರುತ್ತಾರೆ. ಅಂಚಿನಲ್ಲಿ ಸ್ವಾಮೀ! ಮುಂದೆ ರಾಜನ ತಲೆ, ಹಿಂದೆ ಕುದುರೆ ಇರುತ್ತದೆ, ಅದನ್ನೇ ಫೋಟೋ ತೆಗೆದು ನನಗೆ ಕಳಿಸುತ್ತಾರೆ. ರಾಜನ ತಲೆ ಎಲ್ಲದರಲ್ಲೂ ಒಂದೇ. ನಾಣ್ಯದ ಅಂಚಿನ ಹಾಗೆ ದಪ್ಪ ಇರುತ್ತದಲ್ಲ, ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು ತಿರುಗಿಸಿ ನೋಡಿ. ನಂಬರ್, ರ‍್ಯಾಂಕ್, ಹೆಸರು, ದಳ. ನಮ್ಮ ದೇಶದ ಮೆಡಲುಗಳಲ್ಲೂ ದುಂಡಗಿನದಾದರೆ ಅಂಚಿನಲ್ಲಿ, ನಕ್ಷತ್ರದ ಆಕಾರದ್ದಾದರೆ ಹಿಂಬದಿಯಲ್ಲಿ ಹೀಗೇ ಬರೆದಿರುತ್ತದೆ. ಹುಣಸೆಹುಳಿ ಮತ್ತು ಬೂದಿ ತಿನ್ನುವುದು ಮೊದಲು ಅದನ್ನೇ. ಧೂಳು ಇದ್ದರೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಕಪ್ಪಾಗಿದ್ದರೆ ಕಪ್ಪಾಗಿರಲಿ ಬಿಡಿ.

ಕಪ್ಪು ಅಂದಾಗ ನೆನಪಾಯಿತು. ಮುಳಬಾಗಿಲು ಕಡೆಯ ಒಂದು ಮನೆಯವರು ಮುತ್ತಾತನ ಮೆಡಲ್ ತಾಮ್ರದ್ದು, ಬೆಳ್ಳಿಯದಲ್ಲ, ಆದ್ದರಿಂದ ನಕಲಿ ಅಂತ ತೂಕಕ್ಕೆ ಹಾಕಲು ಹೊರಟಿದ್ದರು. ಅದು ಕಂಚು. ಮೊದಲನೆಯ ಮಹಾಯುದ್ಧದಲ್ಲಿ ಸಿಪಾಯಿಗಳಿಗೆ ಬೆಳ್ಳಿಯ ಮೆಡಲ್ ಕೊಟ್ಟರು, ಕೂಲಿ ಪಡೆಗಳಲ್ಲಿ ದುಡಿದ ಎಷ್ಟೋ ಜನರಿಗೆ ಅದೇ ಮೆಡಲನ್ನು ಕಂಚಿನಲ್ಲಿ ಕೊಟ್ಟರು. ಲೋಹದಲ್ಲೂ ಮೇಲು ಕೀಳು. ನೂರು ವರ್ಷದ ಮೇಲೆ ಅದೇ ಕಾರಣಕ್ಕೆ ಮೊಮ್ಮಕ್ಕಳೇ ಗುಜರಿಗೆ ಹಾಕಿದರೆ ಆ ಮನುಷ್ಯನ ಗತಿ ಏನು?

ಇನ್ನೊಂದು ಕಾಟ ಹೈಫಾದ್ದು, ಅದು ಈಗಿನ ಇಸ್ರೇಲಿನಲ್ಲಿರುವ ಊರು. 1914ರ ಯುದ್ಧಕ್ಕೆ ಹೋದವರೆಲ್ಲ ಈಗ 'ಹೈಫಾ ವೀರ'ರು. ಮೈಸೂರು ಲ್ಯಾನ್ಸರ್ಸ್ ಅನ್ನುವ ಕುದುರೆ ಪಡೆ ಜೋಧಪುರದವರ ಜೊತೆ ಸೇರಿ ಹೈಫಾ ಗೆದ್ದದ್ದು 1918ರ ಸೆಪ್ಟೆಂಬರ್ 23ರಂದು, ಅದರಲ್ಲಿ ಅನುಮಾನವಿಲ್ಲ, ಹೆಮ್ಮೆಯ ವಿಷಯವೇ. ಆದರೆ ಆ ಯುದ್ಧದಲ್ಲಿ ಇಂಡಿಯಾದಿಂದ ಹೊರಗೆ ಹೋದವರು ಹತ್ತು ಲಕ್ಷಕ್ಕೂ ಹೆಚ್ಚು. ಎಷ್ಟೋ ಜನ ಮೆಸೊಪೊಟೇಮಿಯಾದ, ಅಂದರೆ ಈಗಿನ ಇರಾಕಿನ ಬಿಸಿಲಲ್ಲಿ ಹೇಸರಗತ್ತೆ ಓಡಿಸಿದರು, ರೈಲು ಹಳಿ ಹಾಕಿದರು, ಅಡುಗೆ ಮಾಡಿದರು, ಕಾಲರಾ ಬಂದು ಸತ್ತರು. ಬಸ್ರಾದ ಸ್ಮಾರಕ ಕಟ್ಟಿದಾಗ ಬ್ರಿಟಿಷ್ ಸೈನಿಕರ ಹೆಸರು ಕೆತ್ತಿದರು, ಭಾರತದ ಸಾಮಾನ್ಯ ಸಿಪಾಯಿಗಳದ್ದು ರೆಜಿಮೆಂಟಿನ ಕೆಳಗೆ ಇಷ್ಟು ಜನ ಅಂತ ಬರೀ ಲೆಕ್ಕ ಹಾಕಿಬಿಟ್ಟರು. ಆ ತಪ್ಪನ್ನು ಯುದ್ಧದಲ್ಲಿ ಸತ್ತವರ ಸಮಾಧಿ, ಸ್ಮಾರಕ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ 2021ರಲ್ಲಿ ತಾನೇ ಒಪ್ಪಿಕೊಂಡಿತು. ನಮ್ಮ ವೀರಗಲ್ಲು ಕೆತ್ತಿದವರು ಇವರಿಗಿಂತ ಎಷ್ಟೋ ಮೇಲು ಅಂತ ನಾನು ಹೇಳುತ್ತಿರುತ್ತೇನೆ. ಕೋಲಾರ ಜಿಲ್ಲೆಯಲ್ಲಿ ಹೊಲದ ಬದುವಿನಲ್ಲಿ, ಕೆರೆ ಏರಿಯಲ್ಲಿ ಎಷ್ಟು ಬೇಕಾದರೂ ನಿಂತಿವೆ. ಬರಹ ಇರುವ ಕಲ್ಲಾದರೆ ಯಾವ ರಾಜನ ಕಾಲ, ಯಾವ ಊರು, ಯಾರ ದನ ಹೊಡೆದುಕೊಂಡು ಹೋದರು, ಯಾರು ಅಡ್ಡ ನಿಂತು ಸತ್ತ, ಅವನ ಮನೆಗೆ ಎಷ್ಟು ಭೂಮಿ ಬಿಟ್ಟರು ಅಂತ ಸಿಗುತ್ತದೆ. ಆ ಭೂಮಿಗೆ ನೆತ್ತರುಗೊಡಗೆ ಅಂತ ಹೆಸರು. ಸಾವಿರ ವರ್ಷದ ಹಿಂದಿನ ಕಲ್ಕುಟಿಗನಿಗೆ ಗೊತ್ತಿತ್ತು, ಬರೀ 'ಹೆಮ್ಮೆಯ ಯೋಧ' ಅಂತ ಕೆತ್ತಿದರೆ ಪ್ರಯೋಜನ ಇಲ್ಲ ಅಂತ.

ಆ ವಾರ್ ಗ್ರೇವ್ಸ್ ಕಮಿಷನ್ನಿನ ವೆಬ್‌ಸೈಟಿನಲ್ಲಿ ಹೆಸರು ಹುಡುಕುವುದು ಪುಕ್ಕಟೆ. ಎರಡನೆಯ ಮಹಾಯುದ್ಧದಲ್ಲಿ ಸತ್ತವರಾದರೆ ಕೆಲವರ ಹೆಸರಿನ ಜೊತೆ ತಂದೆ, ಹೆಂಡತಿ, ಊರು, ಜಿಲ್ಲೆ ಕೂಡ ಬರೆದಿರುತ್ತಾರೆ. ಬರ್ಮಾದಲ್ಲಿ ಸತ್ತು ಸಮಾಧಿ ಸಿಗದ ಸುಮಾರು 27 ಸಾವಿರ ಜನರ ಹೆಸರು ಅಲ್ಲಿನ ರಂಗೂನ್ ಸ್ಮಾರಕದ ಮೇಲಿದೆ. 'ಬರ್ಮಾಕ್ಕೆ ಹೋದವನು ವಾಪಸ್ ಬರಲಿಲ್ಲ' ಅನ್ನುವ ಮಾತು ನಿಮ್ಮ ಮನೆಯಲ್ಲಿದ್ದರೆ ಅಲ್ಲಿ ಒಮ್ಮೆ ನೋಡಿ. ಸಿಕ್ಕೇ ಸಿಗುತ್ತದೆ ಅಂತ ನಾನು ಮಾತು ಕೊಡುವುದಿಲ್ಲ.

ನಂಬರ್ ಎಲ್ಲಿ ಸಿಗುತ್ತದೆ ಅಂದರೆ, ಸೇನೆ ಬಿಡುವಾಗ ಕೊಡುವ ಡಿಸ್ಚಾರ್ಜ್ ಬುಕ್ ಇದ್ದರೆ ಮುಗಿಯಿತು. ಇಲ್ಲದಿದ್ದರೆ ಹಳೆಯ ಇನ್‌ಲ್ಯಾಂಡ್ ಲೆಟರ್ ಹುಡುಕಿ. '56 ಎಪಿಒ' (ಸೇನೆಯ ಅಂಚೆ ಕಚೇರಿ) ಅಂತ ಇರುವ ವಿಳಾಸದ ಮೇಲೆ ನಂಬರ್ ಇರುತ್ತದೆ. ಊಟದ ತಟ್ಟೆ, ಮಗ್ ತಿರುಗಿಸಿ ನೋಡಿ, ಮೊಳೆಯಲ್ಲಿ ಚುಕ್ಕೆ ಚುಕ್ಕೆ ಹೊಡೆದು ಬರೆದುಕೊಂಡಿರುತ್ತಾರೆ. ಫೋಟೋದ ಹಿಂಬದಿ ನೋಡಿ. ಮುಂಬದಿಯಲ್ಲಿ ಟೋಪಿಯ ಬಿಲ್ಲೆ, ಭುಜದ ಪಟ್ಟಿ ಇರುತ್ತದೆ, ಅದೂ ದಳ ಹೇಳುತ್ತದೆ. ಆದರೆ ತಿಥಿಗೆ ಫೋಟೋ ದೊಡ್ಡದು ಮಾಡಿಸುವಾಗ ಸ್ಟುಡಿಯೋದವನು ಯೂನಿಫಾರ್ಮ್ ತೆಗೆದು ಕೋಟು ಟೈ ಹಾಕಿಬಿಡುತ್ತಾನೆ! ಮೂಲ ಫೋಟೋ ಕೇಳಿದರೆ 'ಅದು ಹಳೇದಾಗಿತ್ತು, ಬಿಸಾಕಿದ್ವಿ' ಅನ್ನುತ್ತಾರೆ. ನಾನು ಇಂಥವರಿಗೆ ಬೈದಿದ್ದೇನೆ, ಮರ್ಯಾದೆ ಬಿಟ್ಟು.

ಶ್ರೀನಿವಾಸಪುರದ ಕಡೆಯ ಒಬ್ಬ ಅಜ್ಜಿಯ ಕತೆ ಹೇಳುತ್ತೇನೆ. ಮೊಮ್ಮಗ ಕರೆದುಕೊಂಡು ಬಂದಿದ್ದ. ಗಂಡ ಎಎಸ್‌ಸಿಯಲ್ಲಿ ಲಾರಿ ಡ್ರೈವರ್ ಆಗಿದ್ದವರು, ಪಿಂಚಣಿಗೆ ಮೊದಲೇ ಬಿಟ್ಟು ಬಂದರು, ತೀರಿಕೊಂಡು ಬಹಳ ವರ್ಷ ಆಗಿದೆ. ಗಂಡನ ಅಣ್ಣನೂ ಮಿಲಿಟರಿಯಲ್ಲೇ ಇದ್ದವರು, ಇಬ್ಬರ ಸಾಮಾನೂ ಒಂದೇ ಮನೆಯಲ್ಲಿ. ಎರಡು ಮೆಡಲ್ ತಂದಿದ್ದರು, ಒಂದು ಸಂಗ್ರಾಮ್ ಮೆಡಲ್, ಒಂದು ಪೂರ್ವಿ ಸ್ಟಾರ್. ಸಂಗ್ರಾಮ್ ಮೆಡಲಿನ ಅಂಚು ಕನ್ನಡಿಯ ಹಾಗೆ ನುಣ್ಣಗಿತ್ತು. ಅಜ್ಜಿ ಅದನ್ನೇ ಹೆಮ್ಮೆಯಿಂದ ತೋರಿಸಿದರು. 'ಅವರು ಯುದ್ಧಗಿದ್ಧ ಮಾಡಿಲ್ಲಪ್ಪ, ಬರೀ ಗಾಡಿ ಓಡಿಸ್ತಿದ್ರು' ಅಂತ ಬೇರೆ ಹೇಳಿದರು. ಲಾರಿ ಹೋಗದಿದ್ದರೆ ಮುಂದಿರುವವನಿಗೆ ಗುಂಡೂ ಇಲ್ಲ, ರೊಟ್ಟಿಯೂ ಇಲ್ಲ ಅಂತ ಎಷ್ಟು ಹೇಳಿದರೂ ಅವರು ಒಪ್ಪಲಿಲ್ಲ.

ಪಿಂಚಣಿ ಇಲ್ಲದೆ ಬಂದವರ ಕಾಗದಗಳನ್ನು ಸಾಮಾನ್ಯವಾಗಿ 25 ವರ್ಷದ ಮೇಲೆ ನಾಶ ಮಾಡುತ್ತಾರೆ. ನಿಯಮವೇ ಹಾಗಿದೆ. ಉಳಿಯುವುದು ಲಾಂಗ್ ರೋಲ್ ಅನ್ನುವ ದೊಡ್ಡ ಪಟ್ಟಿ. ಅದರಲ್ಲಿ ಹುಡುಕಿಸಲು ನಂಬರ್ ಬೇಕು. ನಾನು ಟ್ರಂಕ್ ಇದೆಯಾ ಅಂತ ಕೇಳಿದೆ. ಇದೆ, ರಾಗಿ ತುಂಬಿದೆ ಅಂದರು. ಮಗಳ ಮದುವೆಗೆ ಅಂತ ಅದಕ್ಕೆ ನೀಲಿ ಬಣ್ಣ ಹೊಡೆಸಿದ್ದರಂತೆ. ಮುಂದಿನ ಭಾನುವಾರ ನಾನೇ ಹೋದೆ. ಎರಡು ರೂಪಾಯಿ ನಾಣ್ಯ ತೆಗೆದುಕೊಂಡು ನೀಲಿ ಬಣ್ಣವನ್ನು ಮೆಲ್ಲಗೆ ಕೆರೆದೆವು, ನಾನು ಒಂದು ಕಡೆ, ಹುಡುಗ ಒಂದು ಕಡೆ. ಕೆಳಗೆ ಕಪ್ಪು, ಕಪ್ಪಿನ ಮೇಲೆ ಬಿಳಿ ಅಂಕಿ. ಪೂರ್ತಿ ನಂಬರ್, ಡ್ರೈವರ್, ಹೆಸರು. ಆಮೇಲೆ ಪೂರ್ವಿ ಸ್ಟಾರ್ ತಿರುಗಿಸಿ ಭೂತಕನ್ನಡಿಯಲ್ಲಿ ನೋಡಿದರೆ ಹುಣಸೆಹುಳಿ ತಲುಪದ ಒಂದು ಮೂಲೆಯಲ್ಲಿ ಕೊನೆಯ ಮೂರು ಅಂಕಿ ಉಳಿದಿದ್ದವು. ಟ್ರಂಕಿನದ್ದೇ. ಅಣ್ಣನದಲ್ಲ, ಇವರದೇ.

ಪೂರ್ವಿ ಸ್ಟಾರ್ ಅಂದರೆ 1971ರಲ್ಲಿ ಬಾಂಗ್ಲಾದ ಕಡೆ ಇದ್ದವರಿಗೆ ಕೊಟ್ಟದ್ದು, ಡಿಸೆಂಬರ್ 3ಕ್ಕೆ ಶುರುವಾಗಿ 16ಕ್ಕೆ ಢಾಕಾದಲ್ಲಿ ಮುಗಿಯಿತು ಅಂತ ವಿವರಿಸಿದೆ. ಅಜ್ಜಿ ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. 'ನಮ್ಮ ದೊಡ್ಡವನು ಹುಟ್ಟಿದ್ದು ಆ ತಿಂಗಳೇ. ಬರಲಿಲ್ಲ. ರಜೆ ಸಿಗಲಿಲ್ಲ ಅಂದ್ರು, ನಾನು ನಂಬಿರಲಿಲ್ಲ' ಅಂದರು. ಆಮೇಲೆ ಎದ್ದು ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ದಾಖಲೆ ಕಚೇರಿಯಿಂದ ಉತ್ತರ ಬಂದದ್ದು ಆರು ಸಾಲು. ಸೇರಿದ ದಿನ, ಬಿಟ್ಟ ದಿನ, ಟ್ರೇಡ್, ತಂದೆಯ ಹೆಸರು, ಊರು. ಹುಡುಗ ಆ ಆರು ಸಾಲನ್ನೂ ಟ್ರಂಕಿನ ಫೋಟೋವನ್ನೂ ಇಟ್ಟುಕೊಂಡು ಎರಡು ಪುಟ ಬರೆದ. 'ವೀರ' ಅನ್ನುವ ಪದ ಒಂದು ಸಲವೂ ಇರಲಿಲ್ಲ. ಚೆನ್ನಾಗಿತ್ತು.

ಶ್ರೀಲಂಕಾದಲ್ಲಿ ಸತ್ತವರ ಮನೆಯವರಿಗೆ ಒಂದು ಮಾತು. 1987ರಿಂದ 1990ರವರೆಗೆ ಅಲ್ಲಿ ಶಾಂತಿ ಕಾಯಲು ಹೋದ ನಮ್ಮ ಸೈನಿಕರಲ್ಲಿ ಸುಮಾರು 1200 ಜನ ಸತ್ತರು. 'ಅದು ಯುದ್ಧವೇ ಅಲ್ಲವಂತಲ್ಲ ಸಾರ್' ಅಂತ ತಲೆ ತಗ್ಗಿಸಿ ಕೇಳುವವರು ಈಗಲೂ ಇದ್ದಾರೆ. 2019ರ ಫೆಬ್ರುವರಿಯಲ್ಲಿ ಡೆಲ್ಲಿಯಲ್ಲಿ ಶುರುವಾದ ರಾಷ್ಟ್ರೀಯ ಯುದ್ಧ ಸ್ಮಾರಕದ ಗ್ರಾನೈಟ್ ಗೋಡೆಗಳಲ್ಲಿ 25 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ, ಶ್ರೀಲಂಕಾದಲ್ಲಿ ಸತ್ತವರೂ ಅದರಲ್ಲಿದ್ದಾರೆ. ಸೇವೆಯಲ್ಲಿದ್ದಾಗ ಕಾಯಿಲೆಯಿಂದ, ರಸ್ತೆ ಅಪಘಾತದಿಂದ ಹೋದವರ ಹೆಸರು ಸಾಮಾನ್ಯವಾಗಿ ಅಲ್ಲಿ ಇರುವುದಿಲ್ಲ. ಅಂಥವರ ಬಗ್ಗೆ ಮನೆಯವರೇ ಬರೆಯಬೇಕು.

ಒಂದು ಎಚ್ಚರಿಕೆ, ಇದನ್ನು ಹೇಳದಿದ್ದರೆ ನಾಳೆ ನನ್ನನ್ನೇ ಬೈಯುತ್ತೀರಿ. ನಾನು ಹೇಳಿದ್ದೆಲ್ಲ ತೀರಿಕೊಂಡವರ ವಿಷಯ. ಅಪ್ಪ ಬದುಕಿದ್ದು ಪಿಂಚಣಿ ಪಡೆಯುತ್ತಿದ್ದರೆ ಅವರ ಡಿಸ್ಚಾರ್ಜ್ ಬುಕ್, ಪಿಪಿಒ (ಪಿಂಚಣಿಯ ಆದೇಶ ಪತ್ರ), ಆಧಾರ್ ಯಾವುದರ ಫೋಟೋವನ್ನೂ ಎಲ್ಲರಿಗೆ ಕಾಣುವ ಹಾಗೆ ಹಾಕಬೇಡಿ. ಅದನ್ನೇ ಕಾಯುತ್ತಾ ಕೂತ ಕಳ್ಳರಿದ್ದಾರೆ. ಈಗ ಸೇವೆಯಲ್ಲಿರುವ ಹುಡುಗರ ಯೂನಿಟ್ ಎಲ್ಲಿದೆ ಅಂತಲೂ ಬರೆಯಬೇಡಿ. ವಿಧವೆಗೆ ಬರಬೇಕಾದ ಹಣದ ಪ್ರಶ್ನೆ ಇದ್ದರೆ ಮೊದಲು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ, ಆಮೇಲೆ ನನ್ನಂಥವರ ಹತ್ತಿರ ಬನ್ನಿ.

ಈ ಸಲ ಆಯುಧಪೂಜೆಯ ಹಿಂದಿನ ದಿನ ಶ್ರೀನಿವಾಸಪುರದ ಅಜ್ಜಿಗೆ ಫೋನ್ ಮಾಡಿ, 'ಮೆಡಲ್ ಉಜ್ಜಬೇಡಿ ಅಂದಿದ್ದೆ, ನೆನಪಿದೆಯಲ್ಲ' ಅಂದೆ. 'ಉಜ್ಜದೆ ದೇವರ ಮುಂದೆ ಹೆಂಗಪ್ಪ ಇಡೋದು?' ಅಂದರು. 'ಮುಂದೆ ಹಿಂದೆ ಅಷ್ಟೇ ಉಜ್ಜಿದ್ದೀನಿ. ಅಂಚು ಮುಟ್ಟಿಲ್ಲ.'