ಕೌಂಟರಿನ ಕೆಲಸಕ್ಕೆ ಅಂಕ ಎಷ್ಟು?

ಮೈಸೂರಿನ ಔಷಧ ಅಂಗಡಿಗಳಲ್ಲಿ ಮಿಕ್ಸ್ಚರ್ ಕಲಸಿ ಕೊಡುವ ಕಾಲ ಮುಗಿದು ಎಷ್ಟೋ ವರ್ಷಗಳಾದವು. ಫಾರ್ಮಸಿ ವಿದ್ಯಾರ್ಥಿ ಮಾತ್ರ ಇಂದಿಗೂ ಎಮಲ್ಷನ್ (ಎಣ್ಣೆ, ನೀರು ಬೆರೆಸಿದ ಔಷಧ) ಅರೆದು, ರೆಕಾರ್ಡ್‌ಗೆ ಸಹಿ ಹಾಕಿಸಿಕೊಂಡು, ವೈವಾದಲ್ಲಿ ನಾಲ್ಕು ಪ್ರಶ್ನೆಗೆ ಉತ್ತರಿಸಿ ಪಾಸಾಗುತ್ತಾನೆ. ಕೌಂಟರಿನ ಹಿಂದೆ ನಿಂತಾಗ ಬೇಕಾಗುವುದು ಬೇರೆಯದೇ ವಿದ್ಯೆ: ಔಷಧ ಬಳಸುವುದನ್ನು ರೋಗಿಗೆ ತಿಳಿಯುವಂತೆ ಹೇಳಿಕೊಡುವುದು.

ಇದರ ಬೇರು ಹಳೆಯದು. 1932ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಹಾದೇವ ಲಾಲ್ ಶ್ರಾಫ್ ಫಾರ್ಮಸಿ ಶಿಕ್ಷಣಕ್ಕೆ ಅಡಿಪಾಯ ಹಾಕಿದಾಗ ದೇಶಕ್ಕೆ ಬೇಕಿದ್ದದ್ದು ಔಷಧ ತಯಾರಿಸುವವರು, ಅದರ ಶುದ್ಧತೆ ಪರೀಕ್ಷಿಸುವವರು. ಪಠ್ಯವೂ ಅದಕ್ಕೆ ತಕ್ಕಂತೆ ರಸಾಯನಶಾಸ್ತ್ರದ ಕಡೆ ವಾಲಿತು. 1948ರ ಫಾರ್ಮಸಿ ಕಾಯ್ದೆ ವೃತ್ತಿಗೆ ನೋಂದಣಿಯ ಚೌಕಟ್ಟು ಕೊಟ್ಟಿತು. 1991ರ ಡಿಪ್ಲೊಮಾ ನಿಯಮಗಳು 500 ಗಂಟೆಗಳ ತರಬೇತಿ ಕೇಳಿದವು. ಅದರಲ್ಲಿ 250 ಗಂಟೆ ಚೀಟಿ ನೋಡಿ ಔಷಧ ಕೊಡುವುದಕ್ಕೇ ಮೀಸಲು. ನಿಯಮವೇನೋ ಒಳ್ಳೆಯದೇ. ಆದರೆ ಗಂಟೆ ತುಂಬಿದ ಮಾತ್ರಕ್ಕೆ ಕೆಲಸ ಬಂದಿತೆಂದು ಯಾರು ಹೇಳಬೇಕು?

ಕಲಿಸುವ ರೀತಿ ಬದಲಾದದ್ದರಲ್ಲಿ ಮೈಸೂರಿನ ಪಾಲು ದೊಡ್ಡದು. 1973ರಲ್ಲಿ ಆರಂಭವಾದ ಜೆಎಸ್‌ಎಸ್ ಫಾರ್ಮಸಿ ಕಾಲೇಜು 1990ರ ದಶಕದ ಉತ್ತರಾರ್ಧದಲ್ಲಿ ಆಸ್ಟ್ರೇಲಿಯಾದ ಫಾರ್ಮಸಿಸ್ಟರ ನೆರವಿನೊಂದಿಗೆ ಫಾರ್ಮಸಿ ಪ್ರಾಕ್ಟೀಸ್ ಸ್ನಾತಕೋತ್ತರ ಕೋರ್ಸ್ ತೆರೆಯಿತು. ವಿದ್ಯಾರ್ಥಿಗಳು ಪ್ರಯೋಗಾಲಯದಿಂದ ಆಸ್ಪತ್ರೆಯ ವಾರ್ಡಿಗೆ ಬಂದರು. ವೈದ್ಯರ ರೌಂಡ್ಸ್‌ನಲ್ಲಿ ಕೇಸ್ ಶೀಟ್ ಓದಿ, ಒಂದು ಔಷಧಕ್ಕೆ ಇನ್ನೊಂದು ಹೊಂದುತ್ತದೆಯೇ ಎಂದು ನೋಡುವುದನ್ನು ಕಲಿತರು. 2008ರಲ್ಲಿ ಆರು ವರ್ಷಗಳ ಫಾರ್ಮ್‌ಡಿ (ಡಾಕ್ಟರ್ ಆಫ್ ಫಾರ್ಮಸಿ) ಪದವಿ ಬಂದಿತು. ಕೊನೆಯ ವರ್ಷ ಪೂರ್ತಿ ಇಂಟರ್ನ್‌ಶಿಪ್.

ಅಳೆಯುವ ವಿದ್ಯೆಯೂ ಹೊರಗೆ ಸಿದ್ಧವಾಗಿತ್ತು. 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ವೈದ್ಯ ವಿದ್ಯಾರ್ಥಿಗಳಿಗಾಗಿ ಓಸ್ಕಿ (OSCE) ಎಂಬ, ಕೆಲಸ ಮಾಡಿಸಿ ನೋಡುವ ಪರೀಕ್ಷೆಯನ್ನು ರೂಪಿಸಿದರು. ವಿದ್ಯಾರ್ಥಿ ಒಂದೊಂದೇ ಮೇಜಿಗೆ ಹೋಗಿ, ಕೊಟ್ಟ ಕೆಲಸವನ್ನು ನಿಮಿಷಗಳಲ್ಲಿ ಮಾಡಿ ತೋರಿಸಬೇಕು. ಒಂದು ಮೇಜಿನಲ್ಲಿ ಇನ್‌ಹೇಲರ್ ಹಿಡಿದ ಅಜ್ಜಿ ಕುಳಿತಿದ್ದಾರೆ, ಅದರ ಬಳಕೆಯನ್ನು ಫಾರ್ಮಸಿ ವಿದ್ಯಾರ್ಥಿ ಅವರಿಗೆ ಹೇಳಿಕೊಡಬೇಕು ಎನ್ನಿ. ಡಬ್ಬಿ ಅಲ್ಲಾಡಿಸಿ, ಉಸಿರು ಪೂರ್ತಿ ಬಿಟ್ಟು, ಒತ್ತುವಾಗಲೇ ನಿಧಾನವಾಗಿ ಎಳೆದುಕೊಂಡು, ಹತ್ತು ಸೆಕೆಂಡ್ ಉಸಿರು ಹಿಡಿಯಬೇಕು. ಸ್ಟೀರಾಯ್ಡ್ ಆದರೆ ಆಮೇಲೆ ಬಾಯಿ ಮುಕ್ಕಳಿಸಬೇಕು. ಇಷ್ಟನ್ನೂ ಒಪ್ಪಿಸಿದರೆ ಅರ್ಧ ಕೆಲಸ. “ಅಜ್ಜಿ, ಈಗ ನೀವೊಮ್ಮೆ ಮಾಡಿ ತೋರಿಸಿ” ಎಂದನೇ ಎಂಬುದಕ್ಕೆ ಪರೀಕ್ಷಕರ ಪಟ್ಟಿಯಲ್ಲಿ ಅಂಕ ಇರಬೇಕು. ಮಂಡ್ಯ ಜಿಲ್ಲೆಯ ಬಿ.ಜಿ. ನಗರ, ಭಾರತೀನಗರದಂಥ ಕಡೆ ಕಾಲೇಜುಗಳಿವೆ. ಸುತ್ತಲಿನ ರೋಗಿಗಳು ಹಳ್ಳಿಯವರು. ಪಾಠ ಇಂಗ್ಲಿಷಿನಲ್ಲಿ ನಡೆದರೂ ಈ ಮೇಜಿನ ಪರೀಕ್ಷೆ ಕನ್ನಡದಲ್ಲೇ ನಡೆಯಬೇಕೆಂಬುದು ನನ್ನ ಪಟ್ಟು.

ಖರ್ಚಿನ ಮಾತೂ ಇದೆ: ಮೇಜಿಗೊಬ್ಬ ಪರೀಕ್ಷಕ, ರೋಗಿಯ ಪಾತ್ರಕ್ಕೆ ಪಳಗಿದವರು, ಎಲ್ಲರಿಗೂ ಒಂದೇ ಅಳತೆ. ಪ್ರಶ್ನೆಪತ್ರಿಕೆ ಹಂಚುವುದು ಇದಕ್ಕಿಂತ ಅಗ್ಗ. 2022ರಲ್ಲಿ ಡಿಪ್ಲೊಮಾದವರಿಗೆ ನೋಂದಣಿಗೆ ಮುನ್ನ ನಿರ್ಗಮನ ಪರೀಕ್ಷೆಯ ನಿಯಮ ಬಂದಾಗ ಆದದ್ದೂ ಅದೇ: ಮೂರು ಪತ್ರಿಕೆಗಳು, ಎಲ್ಲವೂ ಬಹು ಆಯ್ಕೆಯ ಪ್ರಶ್ನೆಗಳು, ಪ್ರತಿಯೊಂದರಲ್ಲೂ ಶೇ. 50 ಬಂದರೆ ಪಾಸು.